ಹಣ ಪಡೆದು ಕಾದಂಬರಿ ಪ್ರಕಟಿಸುವವರ ಬಗ್ಗೆ ಎಚ್ಚರವಿರಲಿ

ಮೊದಲ ಕಾದಂಬರಿಯ ಹಸ್ತಪ್ರತಿ ಹಿಡಿದು ಪ್ರಕಾಶಕರನ್ನು ಹುಡುಕುತ್ತಿರುವವರು, ಅದರಲ್ಲೂ ಸಾಹಿತ್ಯ ವಲಯದ ಪರಿಚಯವಿಲ್ಲದೆ ನನ್ನಂತೆ ಕೊಡಗಿನ ಮೂಲೆಯಲ್ಲಿ ಕುಳಿತು ಬರೆಯುವವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮನೆ ಬಿಟ್ಟು ಬಂದ ಒಂದು ಕುಟುಂಬದ ಕತೆಯನ್ನು ನಾಲ್ಕು ಮಳೆಗಾಲ ಕುಳಿತು ಬರೆದಿದ್ದೆ. ಹಸ್ತಪ್ರತಿ ಕಳುಹಿಸಿದ ಮೂರನೆಯ ದಿನವೇ ಒಬ್ಬ ಪ್ರಕಾಶಕರು ಫೋನ್ ಮಾಡಿ, ಕೃತಿ ಅದ್ಭುತವಾಗಿದೆ, ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ ಎಂದರು. 280 ಪುಟಗಳ ಬರಹದ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಒಂದು ಪಾತ್ರದ ಹೆಸರನ್ನೂ ಎತ್ತಲಿಲ್ಲ. ನನಗೆ ಸಂಶಯ ಬರಬೇಕಾಗಿದ್ದುದು ಅಲ್ಲಿಯೇ. ಹೊಗಳಿಕೆಯ ಬೆನ್ನಿಗೆ ಹಣದ ಮಾತು ಬಂತು: ಸಂಪಾದನೆ, ಪ್ರೂಫ್ ತಿದ್ದುವಿಕೆ, ಮುಖಪುಟ, 1,000 ಪ್ರತಿಗಳ ಮುದ್ರಣ ಎಲ್ಲ ಸೇರಿ 78,000 ರೂಪಾಯಿ. ಆ ವರ್ಷ ಕರಿಮೆಣಸು ಮಾರಿ ಬಂದ ಹಣವನ್ನು ಕೊಟ್ಟೆ. ಅದರಲ್ಲಿ ಪ್ರತಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆಂದೇ 5,000 ರೂಪಾಯಿ ಹಿಡಿದಿದ್ದರು. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ಸಂಸ್ಥೆಯಿಂದ ಆ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಲೇಖಕರೇ ಅರ್ಜಿ ಹಾಕಬಹುದು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಬಂದದ್ದು 100 ಪ್ರತಿಗಳು. ಉಳಿದವನ್ನು ಬೇಡಿಕೆ ಬಂದಂತೆ ಮುದ್ರಿಸುವುದಾಗಿ ಕರಾರಿನಲ್ಲಿಯೇ ಇದೆ ಎಂದರು. ಓದಿ ನೋಡಿದರೆ ಹೌದು, ಇತ್ತು.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಪುಸ್ತಕದ ಒಳಗಿನ ಸ್ಥಿತಿ. ನಮ್ಮಲ್ಲಿ ರಸ್ತೆ ಬದಿಯ, ಮನೆ ಹಿಂದಿನ ಕಡಿದಾದ ಮಣ್ಣಿನ ಗೋಡೆಗೆ 'ಬರೆ' ಎನ್ನುತ್ತೇವೆ. ಮಳೆಗಾಲದಲ್ಲಿ ಬರೆ ಕುಸಿಯುವ ಭಯದಲ್ಲಿಯೇ ಎಷ್ಟೋ ಮನೆಗಳು ರಾತ್ರಿ ಕಳೆಯುತ್ತವೆ. ಕಾದಂಬರಿಯ ಉದ್ದಕ್ಕೂ ಆ ಪದವನ್ನು 'ಬರ' ಎಂದು ತಿದ್ದಿದ್ದರು. ಮಳೆ ಸುರಿಯುವ ರಾತ್ರಿ ಬರ ಕುಸಿದು ಅಜ್ಜಿ ಸತ್ತಳು ಎಂದು ಅಚ್ಚಾಗಿತ್ತು. ನಮ್ಮ ಕಡೆಯ ಆಡುನುಡಿಯಾದ ಅರೆಭಾಷೆಯ ಸಂಭಾಷಣೆಗಳೆಲ್ಲ ಪಠ್ಯಪುಸ್ತಕದ ಕನ್ನಡವಾಗಿದ್ದವು. ಅಚ್ಚಿಗೆ ಹೋಗುವ ಮೊದಲು ಕೊನೆಯ ಪ್ರೂಫನ್ನು ನನಗೆ ತೋರಿಸಿರಲೇ ಇಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಪುಸ್ತಕ ಬಂದ ಮೇಲೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಅದನ್ನು ಎರಡು ಸಲ ಓದಿ, ಮೊದಲ 60 ಪುಟಗಳು ಬರಿಯ ವಂಶದ ವಿವರ, ಕತೆ ಶುರುವಾಗುವುದು ಅಜ್ಜಿ ದನದ ಕೊಟ್ಟಿಗೆಗೆ ದೀಪ ಹಿಡಿದು ಹೋಗುವಲ್ಲಿ ಎಂದರು. ಮಗ ಊರು ಬಿಡಲು ಒಪ್ಪುವುದೇಕೆ ಎಂದೂ ಕೇಳಿದರು. ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಹೀಗೆ ಕೇಳುವ ಇಬ್ಬರು ಮೂವರ ಕೈಗೆ ಹಸ್ತಪ್ರತಿ ಕೊಟ್ಟು, ಒಂದು ವರ್ಷ ತಿದ್ದಿ, ಆಮೇಲೆ ಪ್ರಕಾಶಕರ ಬಾಗಿಲಿಗೆ ಹೋಗಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯೂ ಇದೆ, ವಿಚಾರಿಸಿ.

ಕರಾರಿಗೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ನಾನು ಸಹಿ ಹಾಕಿದ ಪತ್ರದಲ್ಲಿ 'ಸಮಸ್ತ ಹಕ್ಕುಗಳೂ ಪ್ರಕಾಶಕರವು' ಎಂದಿತ್ತು, ಅವಧಿಯ ಮಾತೇ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದು ಬರಹದಲ್ಲಿ ಸ್ಪಷ್ಟವಾಗಿರಬೇಕು. ಅವಧಿ ಹೇಳದಿದ್ದರೆ ಅದನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ ಎಂದು ಮಡಿಕೇರಿಯ ವಕೀಲರೊಬ್ಬರು ತಿಳಿಸಿದರು. ಅದರಲ್ಲಿ ಇನ್ನೂ ಮೂರು ವರ್ಷ ಬಾಕಿಯಿದೆ. ಕಾದಂಬರಿಯನ್ನು ಕೊಟ್ಟಿಗೆಯ ದೀಪದಿಂದ ಆರಂಭಿಸಿ ಮತ್ತೆ ಬರೆಯುತ್ತಿದ್ದೇನೆ. ಆ ಮೂರು ವರ್ಷ ಮುಗಿಯುವವರೆಗೆ ಅದನ್ನು ಬೇರೆ ಯಾರಿಗೂ ಕೊಡುವಂತಿಲ್ಲ.