ಎಸಿಎಸ್‌ಎಸ್1 ಕಿಣ್ವ: ಇ. ಕೋಲಿಯದೋ, ಮಾನವ ಕೋಶದ್ದೋ?

ಧಾರವಾಡದ ಪ್ರಯೋಗಾಲಯಕ್ಕೆ ಎಸಿಎಸ್‌ಎಸ್1 ತರಿಸುವವರು ಬೆಲೆಗಿಂತ ಮೊದಲು ಕೆಲಸ ಯಾವುದೆಂದು ನೋಡಿಕೊಳ್ಳಿ: ಈ ಮಾನವ ಕಿಣ್ವವನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲೂ ಮಾನವ ಕೋಶಗಳಲ್ಲೂ ತಯಾರಿಸಿ ಮಾರುತ್ತಾರೆ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದೊಳಗೆ ಎಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡಿ ಅಸಿಟೇಟನ್ನು ಅಸಿಟೈಲ್-ಕೋಎ ಆಗಿಸುವ ಈ ಕಿಣ್ವದಲ್ಲಿ 689 ಅಮೈನೋ ಆಮ್ಲಗಳಿವೆ. ತೂಕ ಸುಮಾರು 75 ಕಿಲೋಡಾಲ್ಟನ್.

ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ವಿಧಾನ) ಗುರುತಿಗೊಂದು ಪಟ್ಟೆಯಷ್ಟೇ ಬೇಕಿದ್ದರೆ ಇ. ಕೋಲಿಯದು ಸಾಕು, ಅಗ್ಗವೂ ಹೌದು. ಆದರೆ ಕಿಣ್ವ ಕರಗಿರುವ ಬಫರ್‌ನಲ್ಲಿ ಯೂರಿಯಾ ಇದೆಯೇ ಎಂದು ಓದಿ. ಇದ್ದರೆ ಕಿಣ್ವದ ಚಟುವಟಿಕೆಯನ್ನು ನಂಬಬೇಡಿ, ಯೂರಿಯಾ ಪ್ರೋಟೀನಿನ ಮಡಿಕೆಯನ್ನು ಬಿಚ್ಚುತ್ತದೆ. ಕಿಣ್ವವನ್ನು ಮೈಟೊಕಾಂಡ್ರಿಯಾಕ್ಕೆ ಒಯ್ಯುವ, ಸರಪಳಿಯ ಮುಂತುದಿಯ ತುಂಡನ್ನು ಬ್ಯಾಕ್ಟೀರಿಯಾ ಕತ್ತರಿಸುವುದಿಲ್ಲ. ಅದನ್ನು ಮೊದಲೇ ತೆಗೆದು ತಯಾರಿಸಿದ್ದನ್ನೇ ಆರಿಸಿ.

ಕಿಣ್ವದ ವೇಗ ಅಳೆಯುವವರಿಗೆ ನಮ್ಮ ಸಲಹೆ ಮಾನವ ಕೋಶದ್ದು: ಅಲ್ಲಿ ಆ ತುಂಡು ಸಹಜವಾಗಿ ಕಳಚುತ್ತದೆ. ಶುದ್ಧೀಕರಣಕ್ಕೆ ಹಿಡಿಕೆಯಂತೆ ಜೋಡಿಸುವ ಹಿಸ್ ಟ್ಯಾಗ್ ಬಾಲದ ತುದಿಯಲ್ಲಿರಲಿ, ತಲೆಯಲ್ಲಿದ್ದರೆ ತುಂಡಿನ ಜೊತೆಗೇ ಹೋದೀತು. ದುಬಾರಿ, ಪ್ರಮಾಣವೂ ಕಡಿಮೆ, ಆದರೂ ಇದೇ ಸರಿ.

ಯಾವುದೇ ಇರಲಿ, ಗಂಧಕ-ಹೈಡ್ರೋಜನ್ (ಥಯಾಲ್) ಗುಂಪು ಸಿಕ್ಕರೆ ಹಳದಿಯಾಗುವ ಡಿಟಿಎನ್‌ಬಿಯಿಂದ ಕೋಎ (ಕೋಎನ್ಝೈಮ್ ಎ) ಅಳೆಯುವಾಗ ಬಫರ್‌ನ ಡಿಟಿಟಿ ಮೋಸ ಮಾಡುತ್ತದೆ: ಪ್ರೋಟೀನ್ ಕಾಯಲು ಹಾಕುವ ಈ ರಾಸಾಯನಿಕದಲ್ಲೂ ಥಯಾಲ್ ಇದೆ. ಕಿಣ್ವ ಕೆಲಸ ಶುರುಮಾಡುವ ಮೊದಲೇ ಕುವೆಟ್ (ಅಳತೆಯ ಪುಟ್ಟ ಪಾತ್ರೆ) ಹಳದಿಯಾಗಿ 412 ನ್ಯಾನೋಮೀಟರಿನಲ್ಲಿ ಓದು ಏರಿರುತ್ತದೆ. ಅಳೆಯುವ ಮೊದಲು ಕಿಣ್ವವನ್ನು ಡಿಸಾಲ್ಟಿಂಗ್ ಕಾಲಮ್ಮಿನಲ್ಲಿ ಹಾಯಿಸಿ ಡಿಟಿಟಿ ತೆಗೆಯಿರಿ.

ಬೇಸಿಗೆಯ ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಬಂದ ಕೂಡಲೇ ಒಣಮಂಜು (ಡ್ರೈ ಐಸ್) ಉಳಿದಿದೆಯೇ ನೋಡಿ. ಮಂಜುಗಡ್ಡೆಯ ಮೇಲೆಯೇ 10 ಮೈಕ್ರೋಲೀಟರಿನಂತೆ ಹಂಚಿ −80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿಮಾಡಬೇಡಿ.