1996ರ ಮೆಡಾಕ್ ಕೆಂಪು ವೈನ್‌ಗಳು: ಇಟ್ಟವರು ಈಗ ತೆಗೆಯಿರಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಫ್ರಾನ್ಸಿನ ಬೋರ್ಡೋ ಸೀಮೆಯ 1996ರ ಕೆಂಪು ವೈನ್ ಇದ್ದರೆ, ಅದರಲ್ಲೂ ಅಲ್ಲಿನ ಮೆಡಾಕ್ ಕಡೆಯದ್ದಾದರೆ, ಇನ್ನು ಕಾಯಬೇಡಿ. ನಾವು ತೆಗೆದವು ಒಂದು ಬಿಟ್ಟು ಎಲ್ಲವೂ ಈಗ ತುಂಬಾ ಚೆನ್ನಾಗಿವೆ, ಇನ್ನಷ್ಟು ವರ್ಷ ಇಟ್ಟರೆ ಇದಕ್ಕಿಂತ ಚೆನ್ನಾಗುತ್ತವೆ ಅಂತ ನನಗೆ ಅನ್ನಿಸಲಿಲ್ಲ. ಹೊಸದಾಗಿ ಕೊಳ್ಳುವವರು ದೊಡ್ಡ ಹೆಸರಿನ ಹಿಂದೆ ಓಡಬೇಕಾಗಿಲ್ಲ. ಆ ವರ್ಷದ ಸೊಗಸು ಕಡಿಮೆ ಬೆಲೆಯ ಬಾಟಲಿಯಲ್ಲೂ ಪೂರ್ತಿ ಸಿಗುತ್ತದೆ.

ಲಂಡನ್ ಸುತ್ತಮುತ್ತ ಇರುವ ನಾವೊಂದಷ್ಟು ಕನ್ನಡದ ಗೆಳೆಯರು ಆಗಾಗ ಹೀಗೆ ಸೇರುತ್ತೇವೆ. ಒಬ್ಬೊಬ್ಬರು ಒಂದೊಂದು ಬಾಟಲಿ ತರಬೇಕು, ವರ್ಷ ಮಾತ್ರ ಒಂದೇ ಇರಬೇಕು, ಇಷ್ಟೇ ನಿಯಮ. ಹೀಗೆ ಮಾಡಿದರೆ ಮಳೆ ಬಿಸಿಲು ಹೆಚ್ಚುಕಮ್ಮಿ ಎಲ್ಲದಕ್ಕೂ ಒಂದೇ ಆಗಿರುತ್ತದೆ, ಉಳಿದ ವ್ಯತ್ಯಾಸ ಮಣ್ಣಿನದ್ದು ಮತ್ತು ಮಾಡಿದವರ ಕೈಯದ್ದು. ಈ ಸಲ ಮೇಜಿನ ಮೇಲೆ ಇದ್ದದ್ದು ಆರು, ಎಲ್ಲವೂ ಮೆಡಾಕ್‌ನವೇ.

1996 ಬೋರ್ಡೋದಲ್ಲಿ ಎಲ್ಲರಿಗೂ ಒಲಿದ ವರ್ಷ ಅಲ್ಲ. ಜಿರೋಂದ್ ನದಿಯ ಎಡದಂಡೆಯಲ್ಲಿ, ಅಂದರೆ ಮೆಡಾಕ್‌ನಲ್ಲಿ, ಜಲ್ಲಿಕಲ್ಲಿನ ನೆಲ, ಅಲ್ಲಿ ಕ್ಯಾಬರ್ನೆ ಸೊವಿನ್ಯೋಂ ಅನ್ನುವ ದ್ರಾಕ್ಷಿ ಜಾಸ್ತಿ. ಬಲದಂಡೆ ಅಂತ ಕರೆಯುವ ಪೊಮೆರೋಲ್, ಸ್ಯಾಂತೆಮಿಲಿಯೋಂ ಕಡೆ ಮರ್ಲೋ ಜಾಸ್ತಿ. ಮರ್ಲೋ ಬೇಗ ಹಣ್ಣಾಗುತ್ತದೆ, ಆ ವರ್ಷ ಅದರ ಕೊಯ್ಲಿಗೆ ಮಳೆ ಅಡ್ಡ ಬಂತು. ಕ್ಯಾಬರ್ನೆ ನಿಧಾನ. ಅದು ಕಾದು ನಿಂತಿತು, ಸೆಪ್ಟೆಂಬರಿನ ಒಣ ಗಾಳಿ, ಬಿಸಿಲು, ತಂಪು ರಾತ್ರಿಗಳಲ್ಲಿ ಚೆನ್ನಾಗಿ ಹಣ್ಣಾಯಿತು, ಆದರೆ ಹುಳಿ ಬಿಡಲಿಲ್ಲ. ಆ ಹುಳಿಯಿಂದಲೇ ಇವತ್ತಿಗೂ ಈ ವೈನ್‌ಗಳು ಬಾಯಲ್ಲಿ ಇಷ್ಟು ಜೀವಂತವಾಗಿವೆ. ಗುಂಪಿನಲ್ಲಿ ವಿಜಯಪುರ ಕಡೆಯ ಗೆಳೆಯನೊಬ್ಬ ಇದ್ದಾನೆ, ಮನೆಯವರು ದ್ರಾಕ್ಷಿ ಬೆಳೆಯುತ್ತಾರೆ, ಚಾಟ್ನಿ (ಬಳ್ಳಿ ಕತ್ತರಿಸುವುದು) ಮಾಡಿದ ದಿನದಿಂದ ಕೊಯ್ಲಿನವರೆಗೆ ಆಕಾಶ ನೋಡಿಕೊಂಡೇ ಬೆಳೆದವನು. ಇದನ್ನು ಕೇಳಿದ ಕೂಡಲೇ, "ಹಣ್ಣಾಗೂ ಹೊತ್ತಿಗೆ ಮಳಿ ಬಂದ್ರ ಎಲ್ಲಾ ಹೋತ್ ನೋಡು, ಕಾಯಿ ಒಡೀತಾವ, ಕೊಳೀತಾವ" ಅಂದ. ನಾನು ಎಲ್ಲೆಲ್ಲೋ ಓದಿದ್ದನ್ನು ಅವನು ಒಂದೇ ಮಾತಲ್ಲಿ ಹೇಳಿ ಮುಗಿಸಿದ.

ಹಳೆ ಬಾಟಲಿ ತೆರೆಯುವಾಗ ಆತುರ ಬೇಡ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಬೇಕು, ತಳದಲ್ಲಿ ಗಸಿ ಕೂರಬೇಕಲ್ವಾ. ಈ ವಯಸ್ಸಿನ ಕಾರ್ಕ್ ಮೆತ್ತಗಾಗಿರುತ್ತದೆ, ಸಾಮಾನ್ಯ ತಿರುಪಿನ ಓಪನರ್ ಹಾಕಿ ಎಳೆದರೆ ಅರ್ಧಕ್ಕೆ ಮುರಿಯುವ ಸಾಧ್ಯತೆ ಹೆಚ್ಚು. ಎರಡು ತೆಳು ಕಾಲುಗಳನ್ನು ಕಾರ್ಕಿನ ಪಕ್ಕದಲ್ಲಿ ಇಳಿಸಿ ತಿರುಗಿಸುತ್ತಾ ಎಳೆಯುವ ಓಪನರ್ ಇದೆ, ಅದನ್ನು ಕೊಂಡಿಟ್ಟುಕೊಳ್ಳಿ. ಆಮೇಲೆ ದೀಪದ ಬೆಳಕಲ್ಲಿ ನಿಧಾನಕ್ಕೆ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಗಸಿ ಕತ್ತಿನ ಹತ್ತಿರ ಬಂದ ತಕ್ಷಣ ನಿಲ್ಲಿಸಿ.

ಮೊದಲು ಸುರಿದದ್ದು ಸೊಸಿಯಾಂದೊ ಮಲ್ಲೆ. ಮೆಡಾಕ್‌ನ ಹೆಸರಾಂತ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ 1855ರ ವರ್ಗೀಕರಣದ ಪಟ್ಟಿಯಲ್ಲಿ ಇದು ಇಲ್ಲ. ಜ್ಯಾಂ ಗೋತ್ರೋ ಅನ್ನುವವರು 1969ರಲ್ಲಿ ಕೊಂಡು, ಹಾಳುಬಿದ್ದಿದ್ದ ತೋಟವನ್ನು ಕಟ್ಟಿ ನಿಲ್ಲಿಸಿದರು. ಬಣ್ಣ ನೋಡಿದರೆ ಇಷ್ಟು ಹಳೆಯದು ಅಂತ ಯಾರೂ ಹೇಳುವುದಿಲ್ಲ, ನಡುವೆ ಇನ್ನೂ ಕಡುಕೆಂಪು, ಅಂಚಿನಲ್ಲಿ ಮಾತ್ರ ಇಟ್ಟಿಗೆ ಬಣ್ಣ. ಮೂಗಿಗೆ ಮೊದಲು ಬರುವುದು ದೊಣ್ಣೆ ಮೆಣಸಿನಕಾಯಿಯ ಹಸಿರು ವಾಸನೆ. ಕೆಲವರಿಗೆ ಇದು ಹಿಡಿಸಲಿಲ್ಲ. ನನಗೆ ಇಷ್ಟ, ಕ್ಯಾಬರ್ನೆಯ ಹುಟ್ಟುಗುಣ ಅದು, ಹಿಂದೆಯೇ ಕಪ್ಪು ಹಣ್ಣು, ಒದ್ದೆ ಮಣ್ಣು, ಒಂಚೂರು ಹೊಗೆ ಎಲ್ಲ ಬರುತ್ತದೆ. ಪಟ್ಟಿಯ ಹೊರಗಿನ ವೈನ್ ಇಷ್ಟು ದಿನ ಇಷ್ಟು ಗಟ್ಟಿಯಾಗಿ ನಿಂತಿರುವುದು ದೊಡ್ಡ ವಿಷಯ. ಆರರಲ್ಲಿ ಕಡಿಮೆ ಬೆಲೆಯದ್ದು ಇದೇ.

ಲಿಯೋವಿಲ್ ಬಾರ್ಟನ್ ಸ್ಯಾಂ ಜೂಲಿಯಾಂ ಊರಿನದ್ದು, ಐರ್ಲೆಂಡ್ ಮೂಲದ ಬಾರ್ಟನ್ ಕುಟುಂಬದ ಕೈಯಲ್ಲಿ 1826ರಿಂದ ಇದೆ. ಇದರಲ್ಲಿ ಒಗರು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸುಮ್ನೆ ಕುಡಿದರೆ ಸ್ವಲ್ಪ ಬಿಗಿ, ಮಾಂಸದ ಜೊತೆ ಕುಡಿದರೆ ಎಲ್ಲ ಸರಿಹೋಗುತ್ತದೆ. ಇನ್ನೂ ಇಡಬಹುದಾದದ್ದು ಒಂದಿದ್ದರೆ ಅದು ಇದು ಮಾತ್ರ. ಲಿಂಚ್ ಬಾಜ್ ದುಂಡಗೆ, ಹೊಗೆಸೊಪ್ಪಿನ ಪರಿಮಳ, ಎಲ್ಲರಿಗೂ ಕೂಡಲೇ ಹಿಡಿಸುವಂಥದ್ದು.

ಇನ್ನು ಗ್ರಾಂ ಪ್ವಿ ಲಾಕೋಸ್ತ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪೊಯಾಕ್ ಊರಿನದ್ದು, 1855ರ ಪಟ್ಟಿಯಲ್ಲಿ ಐದನೇ ದರ್ಜೆ. ಆ ದರ್ಜೆಗಳು ಕಲ್ಲಿನಲ್ಲಿ ಕೊರೆದ ಹಾಗೆ, ಮೇಲಕ್ಕೆ ಏರಿದ್ದು ಒಂದೇ ಒಂದು, 1973ರಲ್ಲಿ ಮೂತೋಂ ರಾತ್‌ಶೀಲ್ಡ್ ಎರಡನೆಯದರಿಂದ ಮೊದಲನೆಯದಕ್ಕೆ ಬಂತು. ಹಾಗಾಗಿ ಕೊಳ್ಳುವಾಗ ದರ್ಜೆ ನೋಡಿದರೆ ಏನೂ ತಿಳಿಯುವುದಿಲ್ಲ. ಈ ಬಾಟಲಿ ತೆರೆದ ಹೊತ್ತಿಗೆ ಮುಚ್ಚಿಕೊಂಡಿತ್ತು, ಒಂದಷ್ಟು ಕಬ್ಬಿಣದ ವಾಸನೆ ಬಿಟ್ಟರೆ ಏನೂ ಇಲ್ಲ, ಪಕ್ಕದಲ್ಲಿದ್ದ ಗೆಳತಿ ಲೋಟ ಆ ಕಡೆ ಸರಿಸಿಬಿಟ್ಟಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆನ್ಸಿಲ್ ಕೆತ್ತಿದಾಗ ಬರುವ ದೇವದಾರು ಮರದ ಪರಿಮಳ, ಅದರ ಹಿಂದೆ ಕಪ್ಪು ಕರಂಟ್ ಹಣ್ಣು. ಊಟ ಮುಗಿಯುವ ಹೊತ್ತಿಗೆ ಪುದೀನ, ಒಣ ಎಲೆ, ಹೊಸ ಚರ್ಮ. ಬಾಯಲ್ಲಿ ಒಗರು ಪೂರ್ತಿ ಕರಗಿದೆ ಆದರೆ ಹುಳಿ ನೆಟ್ಟಗೆ ನಿಂತಿದೆ, ನುಂಗಿದ ಮೇಲೂ ರುಚಿ ಬಹಳ ಹೊತ್ತು ಹೋಗುವುದೇ ಇಲ್ಲ. ತೂಕ ಇಲ್ಲ, ಸಿಹಿ ಇಲ್ಲ, ಮದ್ಯದ ಉರಿ ಇಲ್ಲ. 1996ರ ಮೆಡಾಕ್ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಬಾಟಲಿಯನ್ನೇ ಕೊಡುತ್ತೇನೆ. ಲೋಟ ಸರಿಸಿದ್ದ ಗೆಳತಿಯೇ ಕೊನೆಯ ಗುಟುಕಿಗೆ ಕೈಚಾಚಿದಳು.

ಪಿಶೋಂ ಲಲಾಂದ್ ಆ ರಾತ್ರಿಯ ದುಬಾರಿ ಬಾಟಲಿ. ಈ ಮನೆಯ ವೈನ್‌ನಲ್ಲಿ ಮರ್ಲೋ ಸಾಮಾನ್ಯವಾಗಿ ಧಾರಾಳ, ಆದರೆ 1996ರಲ್ಲಿ ಮುಕ್ಕಾಲು ಪಾಲು ಕ್ಯಾಬರ್ನೆಯೇ. ಆ ಕಾಲಕ್ಕೆ ನಡೆಸುತ್ತಿದ್ದವರು ಮದಾಮ್ ದ ಲಂಕೆಸಾಂ. ರೇಷ್ಮೆಯಷ್ಟು ನುಣುಪು, ಹೂವಿನ ಪರಿಮಳ, ಕುಡಿದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದರು. ನುಣುಪಿನಲ್ಲಿ ಗ್ರಾಂ ಪ್ವಿ ಇದಕ್ಕೆ ಸಮ ಅಲ್ಲ, ಒಪ್ಪುತ್ತೇನೆ. ಆದರೆ ಆ ನುಣುಪಿಗಾಗಿ ಅಷ್ಟು ಜಾಸ್ತಿ ದುಡ್ಡು ಕೊಡಬೇಕಾ ಅಂದರೆ, ನಾನು ಕೊಡುವುದಿಲ್ಲ.

ಆರನೆಯದರ ಹೆಸರು ಹೇಳುವುದಿಲ್ಲ, ಯಾಕೆಂದರೆ ಅದರ ಅಸಲಿ ರುಚಿ ನಮಗೆ ಸಿಗಲೇ ಇಲ್ಲ. ಬಗ್ಗಿಸುವಾಗಲೇ ನೆನೆದ ರಟ್ಟಿನ ಡಬ್ಬದ ವಾಸನೆ. "ಇದು ಕೆಟ್ಟಿದೆಯಾ, ಇಲ್ಲಾ ಹಳೆ ವೈನ್ ಹೀಗೇ ಇರುತ್ತಾ?" ಅಂತ ಹೊಸಬರೊಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಹಳೆ ವೈನ್‌ನಲ್ಲಿ ಅಣಬೆ, ಒದ್ದೆ ಎಲೆ, ಕುದುರೆ ಲಾಯದ ವಾಸನೆ ಕೂಡ ಇರಬಹುದು, ಆದರೆ ಅದರ ಜೊತೆ ಹಣ್ಣೂ ಇರುತ್ತದೆ. ಹಣ್ಣು ಪೂರ್ತಿ ಸತ್ತು ರಟ್ಟಿನ ವಾಸನೆ ಮಾತ್ರ ಉಳಿದರೆ ಅದು ಕಾರ್ಕಿನ ದೋಷ, ಟಿಸಿಎ ಅನ್ನುವ ರಾಸಾಯನಿಕದ ಕೆಲಸ. ಕುಡಿದರೆ ಆರೋಗ್ಯಕ್ಕೆ ತೊಂದರೆ ಇಲ್ಲ, ಆದರೆ ಗಾಳಿಗೆ ಇಟ್ಟರೂ ಸರಿಹೋಗುವುದಿಲ್ಲ. ತಂದವರ ಮುಖ ನೋಡಿ ಎಲ್ಲರಿಗೂ ಬೇಸರವಾಯಿತು.

ಊಟದ ಬಗ್ಗೆ ಎರಡು ಮಾತು. ನಮ್ಮ ಕಡೆಯ ಮಸಾಲೆಯ ಮುಂದೆ ಈ ವಯಸ್ಸಿನ ವೈನ್ ನಿಲ್ಲುವುದಿಲ್ಲ. ಒಬ್ಬರು ಪ್ರೀತಿಯಿಂದ ಮಾಡಿ ತಂದಿದ್ದ ಪಂದಿ ಕರಿ ಅದ್ಭುತವಾಗಿತ್ತು, ಆದರೆ ಕಾಳುಮೆಣಸು, ಕಾಚಂಪುಳಿ ಸೇರಿದ ಮೇಲೆ ವೈನ್ ನೀರಿನ ಹಾಗೆ ಕಂಡಿತು. ಹಾಗಾಗಿ ಅದನ್ನು ಕೊನೆಗೆ, ವೈನ್ ಎಲ್ಲ ಮುಗಿದ ಮೇಲೆ, ಅಕ್ಕಿ ರೊಟ್ಟಿಯ ಜೊತೆ ತಿಂದೆವು. ವೈನ್ ಜೊತೆಗೆ ಉಪ್ಪು, ಬೆಳ್ಳುಳ್ಳಿ ಮಾತ್ರ ಹಾಕಿ ಓವನ್‌ನಲ್ಲಿ ಬೇಯಿಸಿದ ಕುರಿ ತೊಡೆ, ಸ್ವಲ್ಪ ಕೋಂತೆ ಚೀಸ್, ಬ್ರೆಡ್ಡು ಸಾಕು.

ಕೊಳ್ಳುವವರಿಗೆ: ಹರಾಜಿನಲ್ಲೋ ಹಳೆ ವೈನ್ ಮಾರುವವರ ಹತ್ತಿರವೋ ಕೊಳ್ಳುವಾಗ ಬಾಟಲಿಯ ಫೋಟೋ ಕೇಳಿ, ವೈನ್ ಎಲ್ಲಿಯವರೆಗೆ ತುಂಬಿದೆ ನೋಡಿ. ಕತ್ತಿನವರೆಗೆ ಇದ್ದರೆ ಒಳ್ಳೆಯದು, ಭುಜಕ್ಕಿಂತ ಕೆಳಗೆ ಇಳಿದಿದ್ದರೆ ಗಾಳಿ ಹೊಕ್ಕಿದೆ ಅಂತ ಅರ್ಥ, ಎಷ್ಟೇ ಅಗ್ಗವಾದರೂ ಬಿಡಿ. ಎಲ್ಲಿ ಇಟ್ಟಿದ್ದರು ಅಂತಲೂ ಕೇಳಿ. ಬೆಂಗಳೂರಿಗೆ ಒಯ್ಯುವ ಆಸೆ ಇದ್ದರೆ ಸುಂಕವಿಲ್ಲದೆ ಒಬ್ಬರಿಗೆ ಎರಡು ಲೀಟರ್ ಮದ್ಯ, ಅಂದರೆ ಮಾಮೂಲಿ ಅಳತೆಯ ಎರಡು ಬಾಟಲಿ ಒಯ್ಯಬಹುದು. ಆದರೆ ಹೋದ ಮರುದಿನವೇ ತೆಗೆಯಬೇಡಿ, ಅಲುಗಾಡಿದ ಗಸಿ ಕೂರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ತಂಪು ಜಾಗದಲ್ಲಿಡಿ, ಏಪ್ರಿಲ್ ಸೆಕೆಯಲ್ಲಿ ಅಡುಗೆಮನೆ ಕಪಾಟಿನಲ್ಲಿ ಅಂತೂ ಬೇಡವೇ ಬೇಡ.

1996ರ ಪೊಮೆರೋಲ್, ಸ್ಯಾಂತೆಮಿಲಿಯೋಂ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. ಬಲದಂಡೆಯದ್ದೇ ಬೇಕಿದ್ದರೆ 1998 ನೋಡಿ, ಆ ವರ್ಷ ಮರ್ಲೋ ಗೆದ್ದಿತು, ಕ್ಯಾಬರ್ನೆ ಮಳೆಗೆ ಸಿಕ್ಕಿತು, 1996ಕ್ಕೆ ಪೂರ್ತಿ ಉಲ್ಟಾ. ನಮ್ಮ ಮುಂದಿನ ಕೂಟಕ್ಕೆ ಅದನ್ನೇ ಗೊತ್ತು ಮಾಡಿದ್ದೇವೆ.