ಹಲಗೆ ಅಟ್ಟಕ್ಕೆ ಐಸೋಟ್ರೋಪಿಕ್ಕೋ, ಆರ್ಥೋಟ್ರೋಪಿಕ್ಕೋ?

ಚಿಕ್ಕಮಗಳೂರಿನ ತೋಟದ ಮನೆಯ ಹಲಗೆ ಅಟ್ಟವನ್ನು ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡ್ತಿದ್ದೀರಾ? ಉದ್ದನೆಯ ತೊಲೆಗಳಷ್ಟೇ ಆದರೆ ಐಸೋಟ್ರೋಪಿಕ್, ಅಂದರೆ ಎಲ್ಲ ದಿಕ್ಕಿಗೂ ಒಂದೇ ಗುಣದ ವಸ್ತು ಎಂದು ಕೊಟ್ಟರೆ ಸಾಕು. ಇ (ಎಳೆತ-ಒತ್ತಡಕ್ಕೆ ವಸ್ತು ಎಷ್ಟು ಬಿಗಿ) ಮತ್ತು ಪಾಯ್ಸನ್ ಅನುಪಾತ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ), ಎರಡೇ ಸಂಖ್ಯೆ. ಒಂದು ತೊಡಕಿದೆ. ಜಿ (ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಿಗಿ) ಬೆಲೆಯನ್ನು ಸಾಫ್ಟ್‌ವೇರ್ ಇವೆರಡರಿಂದಲೇ ಲೆಕ್ಕ ಹಾಕುತ್ತದೆ. ಪಾಯ್ಸನ್ 0.3 ಕೊಟ್ಟರೆ ಇ ಭಾಗಿಸು 2.6. ಮರದಲ್ಲಿ ಅದು ಸುಮಾರು ಇ ಭಾಗಿಸು 16! ಗಿಡ್ಡ, ದಪ್ಪ ತೊಲೆಯಾದರೆ ಬಾಗು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಹಲಗೆಯನ್ನು ಶೆಲ್ (ತೆಳು ಹಾಳೆಯಂಥ ಭಾಗ) ಎಂದು ಕೊಟ್ಟರೆ ಆರ್ಥೋಟ್ರೋಪಿಕ್ಕೇ ಬೇಕು, ಅಂದರೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕಿಗೂ ಬೇರೆ ಬೇರೆ ಗುಣ. ಮೂರು ಇ, ಮೂರು ಜಿ, ಮೂರು ಪಾಯ್ಸನ್. ಮರ ನಾರಿನುದ್ದಕ್ಕೆ ಬಿಗಿ, ಅಡ್ಡಕ್ಕೆ ಹೆಚ್ಚಾಗಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು, ಇಲ್ಲವೇ ಇನ್ನೂ ಕಡಿಮೆ. ನಾನೊಮ್ಮೆ ಲೋಕಲ್ ಆಕ್ಸಿಸ್ (ನಾರು ಯಾವ ಕಡೆಗಿದೆ ಎಂದು ಸಾಫ್ಟ್‌ವೇರ್‌ಗೆ ಹೇಳುವ ಅಕ್ಷ) ತಿರುಗಿಸಲು ಮರೆತೆ. ಅಟ್ಟ ಜೋಲಿಯಂತೆ ಜೋತುಬಿತ್ತು. ಸ್ಕ್ರೀನಲ್ಲಿ ಮಾತ್ರ, ಸದ್ಯ!

ಯಾವ ಸಮ್ಮಿತಿಯೂ ಇಲ್ಲದ ವಸ್ತುವಿಗಾಗಿ ಇರುವ ಅನೈಸೋಟ್ರೋಪಿಕ್‌ಗೆ 21 ಸಂಖ್ಯೆ ಬೇಕು. ಅಟ್ಟಕ್ಕೆ ಸುಮ್ನೆ ತಲೆನೋವು.